ಹೊರಗಿನ ವಿದ್ಯಾರ್ಥಿಗೆ ಲೈಬ್ರರಿ ಎಷ್ಟು ದಕ್ಕುತ್ತದೆ? ಮೈಸೂರು, ಬೆಂಗಳೂರು ಸುತ್ತಿದ ಮೇಲಿನ ವಿಮರ್ಶೆ

ತೀರ್ಪು ಮೊದಲೇ ಹೇಳಿಬಿಡುತ್ತೇನೆ, ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಅನುಕೂಲ. ಬೇರೆ ಸಂಸ್ಥೆಯ ವಿದ್ಯಾರ್ಥಿಯಾಗಿ ಹೋದರೂ ನಮ್ಮ ಕಡೆಯ ವಿಶ್ವವಿದ್ಯಾಲಯದ ಲೈಬ್ರರಿಗಳು, ಸರ್ಕಾರಿ ಗ್ರಂಥಾಲಯಗಳು, ಹಳೆಯ ಸಂಘಗಳ ಪುಸ್ತಕ ಸಂಗ್ರಹಗಳು ಚೆನ್ನಾಗಿಯೇ ಕೆಲಸಕ್ಕೆ ಬರುತ್ತವೆ. ಆದರೆ ಪುಸ್ತಕ ಮನೆಗೆ ತರುವ ಆಸೆ ಬಿಡಬೇಕು. ಅಲ್ಲೇ ಕೂತು ಓದಿ, ಬರೆದುಕೊಂಡು ಎದ್ದು ಬರುವವರಿಗೆ ಇದಕ್ಕಿಂತ ಅಗ್ಗದ ಸೌಲಭ್ಯ ಇನ್ನೊಂದಿಲ್ಲ. ಎರವಲು ತಂದು ರಾತ್ರಿ ಮನೆಯಲ್ಲಿ ಓದುತ್ತೇನೆ ಅನ್ನುವವರಿಗೆ ನಿರಾಸೆ ಗ್ಯಾರಂಟಿ.

ನಾನು ಮಂಡ್ಯ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಜೊತೆಗೆ ಪಾರ್ಟ್ ಟೈಮ್ ಪಿಎಚ್‌ಡಿ. ನೋಂದಣಿ ಆಗಿರುವ ವಿಶ್ವವಿದ್ಯಾಲಯ ದೂರದ ಊರಲ್ಲಿದೆ, ಅಲ್ಲಿಗೆ ಹೋಗುವುದು ಪ್ರಗತಿ ವರದಿ ಕೊಡಲು ಮಾತ್ರ. ಹಾಗಾಗಿ ಹತ್ತಿರದ ಲೈಬ್ರರಿಗಳೇ ಗತಿ. ವಿಷಯ ಹಳೇ ಮೈಸೂರು ಸೀಮೆಯ ಕೆರೆಗಳು. ಯಾರು ಕಟ್ಟಿಸಿದರು, ಹೂಳು ಯಾರು ತೆಗೆಸುತ್ತಿದ್ದರು, ತೂಬು ಯಾರ ಸುಪರ್ದಿನಲ್ಲಿತ್ತು, ಆ ಏರ್ಪಾಡು ಊರಿನವರ ಕೈಯಿಂದ ಯಾವಾಗ ಜಾರಿತು, ಇಷ್ಟು. ಇಂಥ ವಿಷಯಕ್ಕೆ ಬೇಕಾದ್ದು ಒಂದೇ ಕಡೆ ಸಿಗುವುದಿಲ್ಲ. ಶಾಸನ ಒಂದು ಕಡೆ, ದಿವಾನರ ಕಾಲದ ವರದಿ ಇನ್ನೊಂದು ಕಡೆ, ಈಚಿನ ಅರ್ಥಶಾಸ್ತ್ರದ ಲೇಖನ ಮತ್ತೊಂದು ಕಡೆ. ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಇರುವುದು ಪಠ್ಯಪುಸ್ತಕ, ಗೈಡು, ಕೆಎಎಸ್ ಪರೀಕ್ಷೆಯ ಪುಸ್ತಕ. ಅದಕ್ಕೆ ಅದನ್ನು ಬೈಯುವಂತಿಲ್ಲ, ಅದು ಇರುವುದೇ ಅದಕ್ಕೆ.

ನನ್ನ ಓಡಾಟ ಜಾಸ್ತಿ ಮೈಸೂರಿಗೆ. ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಸುತ್ತಮುತ್ತ ಒಂದೆರಡು ಕಿಲೋಮೀಟರ್ ಒಳಗೆ ಸಂಶೋಧನೆ ಮಾಡುವವರಿಗೆ ಎಷ್ಟೊಂದು ಬಾಗಿಲುಗಳಿವೆ ಅನ್ನುವುದು ಅಲ್ಲೇ ಓದುವ ಎಷ್ಟೋ ವಿದ್ಯಾರ್ಥಿಗಳಿಗೇ ಗೊತ್ತಿಲ್ಲ. ವಿಶ್ವವಿದ್ಯಾಲಯದ ಮುಖ್ಯ ಗ್ರಂಥಾಲಯ ಇದೆ. ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಇದೆ. ಪಕ್ಕದಲ್ಲೇ 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನ. ಉಪಭಾಷೆ, ಬುಡಕಟ್ಟು ಭಾಷೆಗಳ ಮೇಲೆ ಕೆಲಸ ಮಾಡುವ ನನ್ನ ಗೆಳತಿಯೊಬ್ಬಳು ಅಲ್ಲಿಂದ ಹೊರಗೇ ಬರುವುದಿಲ್ಲ. ಊರೊಳಗೆ ಬಂದರೆ ಪ್ರಾಚ್ಯವಿದ್ಯಾ ಸಂಶೋಧನಾಲಯ. 1891ರಲ್ಲಿ ಓರಿಯಂಟಲ್ ಲೈಬ್ರರಿ ಎಂದು ಶುರುವಾದದ್ದು ಅದು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದದ್ದು ಅಲ್ಲೇ, 1905ರಲ್ಲಿ. ನನ್ನ ಕೆಲಸಕ್ಕೆ ಅಲ್ಲಿ ಬೇಕಾದ್ದು ಕಡಿಮೆ. ಆದರೂ ಆ ಕಟ್ಟಡದ ಮುಂದೆ ಹೋಗುವಾಗಲೆಲ್ಲ ಒಂದು ಸಲ ತಿರುಗಿ ನೋಡುತ್ತೇನೆ.

ನನಗೆ ಅನ್ನ ಹಾಕಿದ್ದು ಮಾತ್ರ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಗ್ರಹದ ಸಂಪುಟಗಳು. ಬಿ. ಎಲ್. ರೈಸ್ 1886ರಿಂದ 1905ರ ತನಕ ಹೊರತಂದ ಹಳೆಯ ಸರಣಿ ಒಂದು. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕರಿಸಿ ಹೊರತಂದದ್ದು ಇನ್ನೊಂದು. ಇಲ್ಲೊಂದು ತೊಡಕಿದೆ, ಹೊಸಬರು ತಿಳಿದುಕೊಂಡು ಹೋಗಿ. ಎರಡು ಸರಣಿಯ ಸಂಪುಟ ಸಂಖ್ಯೆ ಹೊಂದುವುದಿಲ್ಲ. ರೈಸ್ ಕಾಲದಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆ ಆಗಿರಲಿಲ್ಲ, ಅದು ಆದದ್ದು 1939ರಲ್ಲಿ. ಹಾಗಾಗಿ ಮಂಡ್ಯ, ಮಳವಳ್ಳಿ, ಶ್ರೀರಂಗಪಟ್ಟಣದ ಶಾಸನಗಳು ಅವರ ಮೂರನೇ ಸಂಪುಟದಲ್ಲಿ ಮೈಸೂರು ಜಿಲ್ಲೆ ಅಂತ ಇವೆ. ನಾಗಮಂಗಲ, ಕೃಷ್ಣರಾಜಪೇಟೆ ನಾಲ್ಕನೆಯದರಲ್ಲಿ. ಪರಿಷ್ಕೃತ ಸರಣಿಯಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ, ನಾಗಮಂಗಲ ಏಳನೆಯದರಲ್ಲಿ ಸಿಗುತ್ತವೆ. ಹಳೆಯ ಪ್ರಬಂಧದ ಅಡಿಟಿಪ್ಪಣಿಯಲ್ಲಿ ಬರೀ ಸಂಪುಟ ಮೂರು ಅಂತಿದ್ದರೆ ಯಾವ ಸರಣಿಯ ಮೂರು ಅಂತ ಮೊದಲು ಪತ್ತೆ ಮಾಡಬೇಕು. ವಿಶ್ವವಿದ್ಯಾಲಯದ ಲೈಬ್ರರಿಗೆ ಹೋಗುವ ದೊಡ್ಡ ಲಾಭ ಇಲ್ಲೇ ಇದೆ. ಎರಡನ್ನೂ ಒಂದೇ ಮೇಜಿನ ಮೇಲೆ ಬಿಡಿಸಿಟ್ಟುಕೊಂಡು ನೋಡಬಹುದು. ಕೆರೆ ಕಟ್ಟಿಸಿದವನಿಗೆ, ದುರಸ್ತಿ ನೋಡಿಕೊಳ್ಳುವವನಿಗೆ ಗದ್ದೆ ಬಿಟ್ಟುಕೊಟ್ಟ ಬಿತ್ತುವಟ್ಟದ ಸಾಲು ಬಂದರೆ, ಮೂಲ ಪಾಠ ಒಂದರಲ್ಲಿ ಹೇಗಿದೆ, ಇನ್ನೊಂದರಲ್ಲಿ ಹೇಗೆ ತಿದ್ದಿದ್ದಾರೆ ಅಂತ ಅಲ್ಲೇ ಹೋಲಿಸಬಹುದು. ಮೊಬೈಲಿನ ಪರದೆಯಲ್ಲಿ ಎರಡು ಪಿಡಿಎಫ್ ಅತ್ತಿತ್ತ ಸರಿಸುತ್ತ ಈ ಕೆಲಸ ಮಾಡಿ ನೋಡಿ, ಗೊತ್ತಾಗುತ್ತೆ.

ಇನ್ನು ಹುಡುಕುವ ಕಷ್ಟ. ಈಗ ಬಹುಪಾಲು ದೊಡ್ಡ ಲೈಬ್ರರಿಗಳಲ್ಲಿ ಕ್ಯಾಟಲಾಗ್ ಕಂಪ್ಯೂಟರಿನಲ್ಲಿದೆ. ಆದರೆ ಕನ್ನಡ ಪುಸ್ತಕಗಳ ಹೆಸರನ್ನು ಹಿಂದೆ ಇಂಗ್ಲಿಷ್ ಅಕ್ಷರದಲ್ಲಿ ಏರಿಸಿರುತ್ತಾರೆ, ಅದೂ ಏರಿಸಿದವರಿಗೆ ತೋಚಿದ ಹಾಗೆ. ಶಾಸ್ತ್ರಿಗೆ ಎಚ್ ಹಾಕಿದರೆ ಒಂದು ಪಟ್ಟಿ, ಬಿಟ್ಟರೆ ಇನ್ನೊಂದು. ಮೂರ್ತಿಯ ಕೊನೆಗೆ ಐ ಹಾಕಿದರೆ ನಾಲ್ಕು ಪುಸ್ತಕ, ವೈ ಹಾಕಿದರೆ ಹನ್ನೆರಡು. ಕೆಲವು ಕಡೆ ಕನ್ನಡದಲ್ಲೇ ಟೈಪ್ ಮಾಡಿದರೂ ಸಿಗುತ್ತದೆ, ಆದರೆ ಯೂನಿಕೋಡ್ ಬಂದ ಮೇಲೆ ಏರಿಸಿದ್ದು ಮಾತ್ರ. ನಾನೀಗ ಪುಸ್ತಕದ ಹೆಸರು ಹುಡುಕುವುದನ್ನೇ ಬಿಟ್ಟಿದ್ದೇನೆ. ಪ್ರಕಾಶಕರ ಹೆಸರು, ವರ್ಷ ಹಾಕಿ ಹುಡುಕುತ್ತೇನೆ. ವರ್ಷದ ಅಂಕಿಯಲ್ಲಿ ಯಾರೂ ಕಾಗುಣಿತ ತಪ್ಪುವುದಿಲ್ಲ, ಅಲ್ವಾ?

ಊರಿನ ಹೆಸರಲ್ಲೂ ಇದೇ ಕಥೆ. ಹಳೆಯ ವರದಿಗಳಲ್ಲಿ ಪಾಂಡವಪುರ ಅಂತ ಹುಡುಕಿದರೆ ಏನೂ ಸಿಗೋದಿಲ್ಲ, ಅಲ್ಲಿ ಅದು ಫ್ರೆಂಚ್ ರಾಕ್ಸ್. ಶ್ರೀರಂಗಪಟ್ಟಣ ಸೆರಿಂಗಪಟಂ.

ಕಪಾಟಿನ ವಿಷಯ ಹೇಳಲೇಬೇಕು. ಓಪನ್ ಆಕ್ಸೆಸ್ ಇರುವ ಲೈಬ್ರರಿಯಾದರೆ, ಅಂದರೆ ನಾವೇ ರ‍್ಯಾಕಿನ ಹತ್ತಿರ ಹೋಗಲು ಬಿಡುವ ಕಡೆಯಾದರೆ, ಕಾಲ್ ನಂಬರಿನ, ಅಂದರೆ ಪುಸ್ತಕ ಯಾವ ಸಾಲಿನಲ್ಲಿದೆ ಅಂತ ತೋರಿಸುವ ಸಂಖ್ಯೆಯ, ಲೆಕ್ಕ ಸ್ವಲ್ಪ ಗೊತ್ತಿದ್ದರೆ ಅರ್ಧ ದಿನ ಉಳಿಯುತ್ತದೆ. ವಿಷಯಕ್ಕೊಂದು ಅಂಕಿ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಜೋಡಿಸಿದ ಕಡೆ ಕೆರೆ ಒಂದೇ ರ‍್ಯಾಕಿನಲ್ಲಿ ಇರುವುದಿಲ್ಲ. ನೀರು ಒಂದು ಸಂಪತ್ತು ಅಂತ ನೋಡಿದ ಪುಸ್ತಕ 333.91ರಲ್ಲಿ. ಏರಿ, ತೂಬು, ಕಾಲುವೆಯ ಎಂಜಿನಿಯರಿಂಗ್ 627ರಲ್ಲಿ. ಕರ್ನಾಟಕದ ಚರಿತ್ರೆ 954.87ರಲ್ಲಿ. ಮೂರೂ ಬೇರೆ ಬೇರೆ ಸಾಲು, ಒಮ್ಮೊಮ್ಮೆ ಬೇರೆ ಬೇರೆ ಮಹಡಿ. ಪುಸ್ತಕ ವಿಂಗಡಿಸುವ ಇನ್ನೊಂದು ಬಗೆಯಾದ ಕೋಲನ್ ಪದ್ಧತಿ ಬಳಸುವ ಲೈಬ್ರರಿಯಾದರೆ ಭಾರತದ ಚರಿತ್ರೆ ವಿ44ರಿಂದ ಶುರು. ಆ ಪದ್ಧತಿ ಕಟ್ಟಿದ ಎಸ್. ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲೇ. ಗ್ರಂಥಾಲಯ ವಿಜ್ಞಾನ ಕಲಿಸಲು, ಸಂಶೋಧನೆ ಮಾಡಲು 1962ರಲ್ಲಿ ಅವರು ಅಲ್ಲಿ ಡಿಆರ್‌ಟಿಸಿ ಅನ್ನುವ ಕೇಂದ್ರವನ್ನೂ ಶುರು ಮಾಡಿದರು. ಪುಸ್ತಕ ಇರುವುದು ಬಳಕೆಗೆ ಅನ್ನುವುದು ಅವರ ಮೊದಲ ಸೂತ್ರ. ಬೀಗ ಹಾಕಿದ ಗಾಜಿನ ಬೀರುಗಳನ್ನು ನೋಡಿದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ.

ಕ್ಲೋಸ್ಡ್ ಆಕ್ಸೆಸ್ ಕಡೆ ಚೀಟಿ ಬರೆದು ಕೊಟ್ಟು ಕಾಯಬೇಕು. ಅಲ್ಲಿ ನಿಮ್ಮ ಭವಿಷ್ಯ ಅಟೆಂಡರ್ ಕೈಯಲ್ಲಿ. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಒಂದು ಲೈಬ್ರರಿಯ ಸ್ಟ್ಯಾಕ್ ವಿಭಾಗದಲ್ಲಿ ನಿವೃತ್ತಿಗೆ ಹತ್ತಿರ ಬಂದ ಒಬ್ಬರಿದ್ದರು. ನನ್ನನ್ನು ಕಂಡರೆ ಸಾಕು, "ಏನ್ ಮೇಡಂ, ಮತ್ತೆ ಕೆರೇನಾ?" ಅನ್ನುತ್ತಿದ್ದರು. ಪ್ರಜಾಪ್ರತಿನಿಧಿ ಸಭೆಯ ನಡವಳಿಗಳು ಕ್ಯಾಟಲಾಗಿನಲ್ಲಿ ಸಿಗುತ್ತಿಲ್ಲ ಅಂದಾಗ ನಕ್ಕರು. "ಅವು ಕಂಪ್ಯೂಟ್ರಲ್ಲಿ ಇಲ್ಲಮ್ಮ, ಏರ್ಸೋಕೆ ಯಾರಿಗೂ ಟೈಮ್ ಆಗಿಲ್ಲ. ಬನ್ನಿ ಈ ಕಡೆ" ಅಂತ ಕರೆದುಕೊಂಡು ಹೋಗಿ ಕಿಟಕಿ ಪಕ್ಕದ ಕೆಳಗಿನ ಸಾಲು ತೋರಿಸಿದರು. ಖಾಕಿ ಬಣ್ಣದ ಬಟ್ಟೆಯ ಬೈಂಡು, ಬೆನ್ನಿನ ಮೇಲೆ ಸುಣ್ಣದಂಥ ಬಿಳಿ ಬಣ್ಣದಲ್ಲಿ ಕೈಯಲ್ಲೇ ಬರೆದ ವರ್ಷ. ಮೈಸೂರು ಸಂಸ್ಥಾನದ ದಿವಾನ್ ರಂಗಾಚಾರ್ಲು 1881ರಲ್ಲಿ ಶುರು ಮಾಡಿದ ಸಭೆ ಅದು. ತಾಲೂಕಿನ ಪ್ರತಿನಿಧಿಗಳು ಎದ್ದು ನಿಂತು ನಮ್ಮೂರ ಕೆರೆ ಒಡೆದಿದೆ, ದುರಸ್ತಿಗೆ ಹಣ ಕೊಡಿ ಅಂತ ಕೇಳಿದ ಅಹವಾಲುಗಳು, ಅದಕ್ಕೆ ಸರ್ಕಾರದ ಉತ್ತರ, ಎರಡೂ ಪಕ್ಕಪಕ್ಕದಲ್ಲೇ ಅಚ್ಚಾಗಿವೆ. 1911ರ ಟ್ಯಾಂಕ್ ಪಂಚಾಯತ್ ರೆಗ್ಯುಲೇಷನ್, ಅಂದರೆ ಕೆರೆ ಪಂಚಾಯಿತಿಗಳ ಕಾನೂನಿನ ಬಗ್ಗೆ ನಾನು ಬರೆದ ಅಧ್ಯಾಯ ನಿಂತಿರುವುದು ಆ ಕೆಳಗಿನ ಸಾಲಿನ ಮೇಲೆ. ಅವರು ನಿವೃತ್ತರಾದ ಮೇಲೆ ಆ ಸಾಲು ಎಲ್ಲಿದೆ ಅಂತ ಹೊಸ ಸಿಬ್ಬಂದಿಗೆ ತೋರಿಸಿದ್ದು ನಾನೇ.

ಈಗ ಸಾರ್ವಜನಿಕ ಗ್ರಂಥಾಲಯ. ಸಂಶೋಧನೆಗೆ ಅಲ್ಲೇನು ಸಿಗುತ್ತೆ ಅಂತ ಮೂಗು ಮುರಿಯುವವರು ಬಹಳ. ಸ್ವಲ್ಪ ತಡೆಯಿರಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಲೆಕ್ಕದಲ್ಲಿ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಅಂತ ನೂರಕ್ಕೆ 6 ರೂಪಾಯಿ ಸೇರಿರುತ್ತದೆ. ಕಂದಾಯದ ರಸೀದಿ ತೆಗೆದು ನೋಡಿ. ದುಡ್ಡು ಆಗಲೇ ಕೊಟ್ಟಾಗಿದೆ, ಬಳಸದೆ ಬಿಟ್ಟರೆ ನಷ್ಟ ನಮಗೇ. ಒಳಗೆ ಹೋಗಿ ಕೂತು ಓದಲು ಯಾರೂ ದುಡ್ಡು ಕೇಳುವುದಿಲ್ಲ, ಯಾವ ಕಾಲೇಜು ಅಂತಲೂ ಕೇಳುವುದಿಲ್ಲ. ಬೋನಫೈಡ್ ಪತ್ರ, ಗೈಡ್ ಸಹಿ, ಎಚ್‌ಓಡಿ ಸೀಲು ಯಾವುದೂ ಇಲ್ಲದೆ ನಡೆದುಕೊಂಡು ಹೋಗಬಹುದಾದ ಜಾಗ ಅದೊಂದೇ. ಸೋಮವಾರ ರಜೆ ಅನ್ನುವುದು ನೆನಪಿರಲಿ. ಭಾನುವಾರ ತೆಗೆದಿರುತ್ತದೆ, ಕೆಲಸಕ್ಕೆ ಹೋಗುವ ನನ್ನಂಥವರಿಗೆ ಅದು ದೊಡ್ಡ ಉಪಕಾರ.

ಜಿಲ್ಲಾ ಮಟ್ಟದ ಗ್ರಂಥಾಲಯಗಳಲ್ಲಿ ನನಗೆ ಬೇಕಾದ ಸಂಶೋಧನಾ ಗ್ರಂಥ ಸಿಗುವುದು ಅಪರೂಪ, ಒಪ್ಪುತ್ತೇನೆ. ಸಿಗುವುದು ಬೇರೆಯದು. ಸ್ಥಳೀಯ ಲೇಖಕರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಊರಿನ ಚರಿತ್ರೆ, ಜಾತ್ರೆಯ ಸ್ಮರಣ ಸಂಚಿಕೆ, ಶಾಲೆಯ ಶತಮಾನೋತ್ಸವದ ಹೊತ್ತಗೆ, ಸಾಹಿತ್ಯ ಸಮ್ಮೇಳನದ ಸಂಚಿಕೆ. ಇವು ವಿಶ್ವವಿದ್ಯಾಲಯಕ್ಕೆ ಹೋಗುವುದೇ ಕಡಿಮೆ. ನಾಗಮಂಗಲ ಕಡೆಯ ಒಂದು ಕೆರೆಗೆ ಸರದಿ ಪ್ರಕಾರ ನೀರು ಬಿಡುತ್ತಿದ್ದ ನೀರಗಂಟಿಗಳ ಮನೆತನದ ಬಗ್ಗೆ ನನಗೆ ಸಿಕ್ಕಿದ ಒಂದೇ ಒಂದು ಬರಹ ಇಂಥದ್ದೇ ಸ್ಮರಣ ಸಂಚಿಕೆಯಲ್ಲಿತ್ತು. ಮುಂದಿನ ಪುಟದಲ್ಲಿ ಅಕ್ಕಿ ಗಿರಣಿಯ ಜಾಹೀರಾತು. ಗೈಡ್ ಇದನ್ನು ಆಕರ ಅಂತ ಒಪ್ಪಲು ಸ್ವಲ್ಪ ಹಿಂದೆ ಮುಂದೆ ನೋಡಿದರು. ಊರಿಗೆ ಹೋಗಿ ಆ ಮನೆಯವರನ್ನು ಮಾತಾಡಿಸಿ ಬಂದ ಮೇಲೆ ಒಪ್ಪಿದರು.

ಸೀಟು ಸಿಗುವುದು ಇನ್ನೊಂದು ಕಥೆ. ಪಿಡಿಒ, ಎಫ್‌ಡಿಎ, ಪೊಲೀಸ್ ಪರೀಕ್ಷೆಗೆ ಅರ್ಜಿ ಕರೆದರೆ ಮುಗಿಯಿತು. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಸಾಲು, ಎಲ್ಲ ಕುರ್ಚಿ ಮೇಲೂ ಬ್ಯಾಗು, ನೀರಿನ ಬಾಟಲಿ. ಅವರ ಮೇಲೆ ನನಗೆ ಸಿಟ್ಟಿಲ್ಲ, ಬಾಡಿಗೆ ರೂಮಿನಲ್ಲಿ ಓದಲಾಗದ ಹುಡುಗ ಹುಡುಗಿಯರು ಬೇರೆಲ್ಲಿಗೆ ಹೋಗಬೇಕು? ಆದರೆ ರೆಫರೆನ್ಸ್ ಪುಸ್ತಕ ನೋಡಲು ಬಂದವರಿಗೆ ಅಂತ ನಾಲ್ಕು ಕುರ್ಚಿ ಬೇರೆ ಇಡಬಹುದು. ಈ ಮಾತನ್ನು ಸಲಹಾ ಪೆಟ್ಟಿಗೆಗೆ ಹಾಕಿದ್ದೇನೆ. ಪೆಟ್ಟಿಗೆಯನ್ನು ಯಾರಾದರೂ ತೆಗೆಯುತ್ತಾರೆ ಅಂತ ನಂಬಿದ್ದೇನೆ.

ಬೆಂಗಳೂರಿಗೆ ಹೋಗುವುದು ರಜೆಯಲ್ಲಿ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, ಅಂದರೆ ದಿವಾನ್ ಶೇಷಾದ್ರಿ ಅಯ್ಯರ್ ನೆನಪಿಗೆ ಕಟ್ಟಿದ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯ, ಫೋಟೋ ತೆಗೆಸಿಕೊಳ್ಳುವವರಿಗೇ ಜಾಸ್ತಿ ಗೊತ್ತು. ರಾಜ್ಯದಲ್ಲಿ ಅಚ್ಚಾದ ಪುಸ್ತಕಗಳ ಪ್ರತಿ ಕಾನೂನಿನ ಪ್ರಕಾರ ಅಲ್ಲಿಗೆ ಹೋಗಬೇಕು. ಬೇರೆಲ್ಲೂ ಸಿಗದ ಕನ್ನಡ ಪುಸ್ತಕಕ್ಕೆ ನಾನು ಕೊನೆಗೆ ಹೋಗುವುದು ಅಲ್ಲಿಗೇ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ನೃಪತುಂಗ ರಸ್ತೆಯಲ್ಲಿ, 1909ರಲ್ಲಿ ಶುರುವಾದ ಮಿಥಿಕ್ ಸೊಸೈಟಿ. ಅವರ ತ್ರೈಮಾಸಿಕದ ಹಳೆಯ ಸಂಚಿಕೆಗಳು ಹಳೇ ಮೈಸೂರು ಚರಿತ್ರೆಗೆ ಕೈ ಹಾಕಿದವರೆಲ್ಲ ಒಂದು ಸಲ ನೋಡಲೇಬೇಕಾದವು. ಬಸವನಗುಡಿ ಕಡೆ ಡಿ. ವಿ. ಗುಂಡಪ್ಪನವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಚಾಮರಾಜಪೇಟೆಯಲ್ಲಿ 1915ರ ಕನ್ನಡ ಸಾಹಿತ್ಯ ಪರಿಷತ್ತು, ಎರಡು ಕಡೆಯೂ ಹಳೆಯ ಕನ್ನಡ ಪತ್ರಿಕೆಗಳಿಗಾಗಿ ಕೂತಿದ್ದೇನೆ. ಇಂಥ ಸಂಘಗಳ ಲೈಬ್ರರಿಯ ಗುಣ ಏನೆಂದರೆ ಗಲಾಟೆ ಇಲ್ಲ, ಪರೀಕ್ಷೆಯ ಗುಂಪಿಲ್ಲ, ಪಕ್ಕದಲ್ಲಿ ಕೂತ ವಯಸ್ಸಾದವರೊಬ್ಬರು ನೀವು ಏನು ಹುಡುಕುತ್ತಿದ್ದೀರಿ ಅಂತ ಕೇಳಿ, ತಾವು ಓದಿದ್ದನ್ನು ಹೇಳುತ್ತಾರೆ. ಅರ್ಧ ಗಂಟೆ ಹೋಗುತ್ತೆ, ಆದರೆ ದಂಡವಾಗುವುದು ಕಡಿಮೆ.

ಅರ್ಥಶಾಸ್ತ್ರ, ಸಮಾಜಶಾಸ್ತ್ರದವರಿಗೆ ನಾಗರಬಾವಿಯ ಐಸೆಕ್, ಅಂದರೆ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ, ಗೊತ್ತಿರಲಿ. ವಿ. ಕೆ. ಆರ್. ವಿ. ರಾವ್ 1972ರಲ್ಲಿ ಶುರು ಮಾಡಿದ ಸಂಸ್ಥೆ. ನೀರಾವರಿ, ಪಂಚಾಯಿತಿ, ಕೃಷಿಯ ಮೇಲಿನ ವರದಿಗಳಿಗೆ ಅದರ ಲೈಬ್ರರಿ ಒಳ್ಳೆಯದು. ಅವರ ವರ್ಕಿಂಗ್ ಪೇಪರುಗಳು ನೆಟ್ಟಲ್ಲೇ ಉಚಿತವಾಗಿ ಸಿಗುತ್ತವೆ. ಅಷ್ಟು ದೂರ ಹೋಗುವ ಮುಂಚೆ ಅವನ್ನು ನೋಡಿಕೊಳ್ಳಿ.

ನೆಟ್ಟಲ್ಲಿ ಸಿಗುವಾಗ ಲೈಬ್ರರಿ ಯಾಕೆ ಅನ್ನುವ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುತ್ತಾರೆ. ಸಿಗುವುದು ನಿಜವಾಗಲೂ ಬಹಳ ಇದೆ. 1800ರಲ್ಲಿ ಈ ಸೀಮೆಯಲ್ಲಿ ಓಡಾಡಿ ಕೆರೆ, ಬೆಳೆ, ಕಂದಾಯ ಎಲ್ಲ ಬರೆದುಕೊಂಡ ಫ್ರಾನ್ಸಿಸ್ ಬುಕನನ್ ಅವರ ಪ್ರವಾಸ ಕಥನದ ಮೂರು ಸಂಪುಟ ಮನೆಯಲ್ಲೇ ಕೂತು ಓದಬಹುದು. ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಇದೆ, ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವುದು, ಅಧ್ಯಾಯ ಅಧ್ಯಾಯವಾಗಿ ಪಿಡಿಎಫ್ ಸಿಗುತ್ತವೆ. ಆದರೆ ಕನ್ನಡ ಪ್ರಬಂಧಗಳಲ್ಲಿ ಎಷ್ಟೋ ಸ್ಕ್ಯಾನ್ ಮಾಡಿದ ಚಿತ್ರಗಳು. ಇನ್ನೆಷ್ಟೋ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಆದವು. ಒಳಗೆ ಕೆರೆ ಅಂತ ಹುಡುಕಿದರೆ ಏನೂ ಬರುವುದಿಲ್ಲ, ಕಾಪಿ ಮಾಡಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಪುಟ ಪುಟ ತಿರುವಲೇಬೇಕು. ಪುಟ ತಿರುವುವುದೇ ಆದರೆ ಕಾಗದದ್ದೇ ವಾಸಿ.

ಜರ್ನಲುಗಳ ಸ್ಥಿತಿ 2025ರಿಂದ ಬದಲಾಗಿದೆ. ಕೇಂದ್ರ ಸರ್ಕಾರದ ಒಂದು ರಾಷ್ಟ್ರ ಒಂದು ಚಂದಾ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಜರ್ನಲುಗಳು ಸರ್ಕಾರಿ ಸಂಸ್ಥೆಗಳಿಗೆ ತೆರೆದಿವೆ. ಸರ್ಕಾರಿ ಡಿಗ್ರಿ ಕಾಲೇಜಿನಲ್ಲಿ ಓದುವ ವಿದ್ಯಾರ್ಥಿ ಮೊದಲು ಕೇಳಬೇಕಾದ್ದು ತಮ್ಮ ಕಾಲೇಜು ಇದಕ್ಕೆ ನೋಂದಣಿ ಆಗಿದೆಯಾ ಅಂತ. ಖಾಸಗಿ ಕಾಲೇಜಿನವರಿಗೆ ಈ ಬಾಗಿಲು ತೆರೆದಿಲ್ಲ. ಅವರು ಕಾಲೇಜುಗಳಿಗೆ ಇ-ಪುಸ್ತಕ, ಇ-ಜರ್ನಲ್ ಒದಗಿಸುವ ಎನ್-ಲಿಸ್ಟ್ ಇದೆಯಾ ಅಂತ ಲೈಬ್ರೇರಿಯನ್ ಹತ್ತಿರ ವಿಚಾರಿಸಲಿ. ಎಷ್ಟೋ ಕಾಲೇಜುಗಳಲ್ಲಿ ಲಾಗಿನ್ ಇರುತ್ತದೆ, ಹೇಳುವವರು ಇರುವುದಿಲ್ಲ.

ಇನ್ನು ದೂರುಗಳು. ಹೆಸರು ಹೇಳುವುದಿಲ್ಲ, ಯಾಕೆಂದರೆ ಇದು ಒಂದು ಲೈಬ್ರರಿಯ ರೋಗ ಅಲ್ಲ. ಒಂದು ಕಡೆ ಕ್ಯಾಟಲಾಗಿನಲ್ಲಿ ಲಭ್ಯ ಅಂತಿದ್ದ ಸಂಪುಟ ಕೇಳಿದರೆ ಬೈಂಡಿಂಗಿಗೆ ಹೋಗಿದೆ ಅಂದರು. ಮಾರನೇ ವರ್ಷವೂ ಅದೇ ಉತ್ತರ. ಇನ್ನೊಂದು ಕಡೆ ಅಡ್ಮಿನಿಸ್ಟ್ರೇಷನ್ ವರದಿಯೊಂದರಲ್ಲಿ ನೀರಾವರಿಯ ಕೋಷ್ಟಕವಿದ್ದ ಹಾಳೆಗಳನ್ನೇ ಯಾರೋ ಬ್ಲೇಡಿನಲ್ಲಿ ಕತ್ತರಿಸಿದ್ದರು. ಸಂಶೋಧನೆ ಮಾಡುವವರದೇ ಕೆಲಸ ಇದು, ಬೇರೆಯವರಿಗೆ ಆ ಕೋಷ್ಟಕ ಯಾಕೆ ಬೇಕು? ಝೆರಾಕ್ಸ್ ಅಂತೂ ಎಲ್ಲ ಕಡೆ ತಲೆನೋವು. ಯಂತ್ರ ಕೆಟ್ಟಿರುತ್ತದೆ, ಇಲ್ಲ ಟೋನರ್ ಮುಗಿದಿರುತ್ತದೆ, ಇಲ್ಲ ಆಪರೇಟರ್ ಊಟಕ್ಕೆ ಹೋಗಿರುತ್ತಾರೆ. ಮೊಬೈಲಿನಲ್ಲಿ ಫೋಟೋ ತೆಗೆಯಲು ಕೆಲವು ಕಡೆ ಬಿಡುತ್ತಾರೆ, ಕೆಲವು ಕಡೆ ಇಲ್ಲ, ಒಂದೇ ಲೈಬ್ರರಿಯಲ್ಲಿ ಬೆಳಗಿನ ಸಿಬ್ಬಂದಿ ಹೂಂ ಅಂದದ್ದಕ್ಕೆ ಮಧ್ಯಾಹ್ನದವರು ಊಹೂಂ ಅನ್ನುತ್ತಾರೆ. ನಿಯಮ ಏನೇ ಇರಲಿ, ಬರೆದು ಗೋಡೆಗೆ ಅಂಟಿಸಿದರೆ ಜಗಳ ತಪ್ಪುತ್ತದೆ.

ಹೊಸದಾಗಿ ಹೋಗುವವರಿಗೆ ನಾಲ್ಕು ಮಾತು. ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ, ಗೈಡ್ ಅಥವಾ ಪ್ರಾಂಶುಪಾಲರ ಸಹಿ, ಸೀಲಿನ ಜೊತೆ ಪತ್ರ ಇಟ್ಟುಕೊಳ್ಳಿ. ಅದರಲ್ಲಿ ಸಂಶೋಧನೆಗೆ ಸಹಕರಿಸಿ ಅಂತ ಅಷ್ಟೇ ಬರೆಸಿ ಸುಮ್ಮನಾಗಬೇಡಿ. ವಿಷಯ, ಯಾವ ವರ್ಷಗಳ ಯಾವ ದಾಖಲೆ ಬೇಕು, ಎಷ್ಟು ತಿಂಗಳು, ಇಷ್ಟೂ ಇರಲಿ. ಒಂದು ಪ್ರತಿ ಅವರು ಇಟ್ಟುಕೊಳ್ಳುತ್ತಾರೆ, ಹಾಗಾಗಿ ಜೆರಾಕ್ಸ್ ಮೊದಲೇ ಮಾಡಿಸಿರಿ. ಎರಡು ಪಾಸ್‌ಪೋರ್ಟ್ ಸೈಜ್ ಫೋಟೋ, ಆಧಾರ್ ಪ್ರತಿ ಬ್ಯಾಗಿನಲ್ಲಿ ಇರಲಿ. ಬ್ಯಾಗು ಹೊರಗೆ ಕೌಂಟರಿನಲ್ಲಿ ಬಿಡಬೇಕಾಗುತ್ತದೆ, ದುಡ್ಡು, ಮೊಬೈಲು ತೆಗೆದುಕೊಂಡು ಟೋಕನ್ ಜೋಪಾನ. ಸ್ವಂತ ಪುಸ್ತಕ ಒಳಗೆ ಒಯ್ಯಬೇಡಿ, ಹೊರಗೆ ಬರುವಾಗ ಅದು ನಿಮ್ಮದೇ ಅಂತ ಸಾಬೀತು ಮಾಡುವಷ್ಟರಲ್ಲಿ ಬಸ್ಸು ತಪ್ಪುತ್ತದೆ. ಬೆಳಗ್ಗೆ ಹೋದ ತಕ್ಷಣ ಚೀಟಿ ಕೊಡಿ. ಹನ್ನೆರಡೂವರೆಯ ಮೇಲೆ ಕೊಟ್ಟ ಚೀಟಿಗೆ ಪುಸ್ತಕ ಬರುವುದು ಊಟದ ನಂತರ. ಬರೆದುಕೊಂಡದ್ದರ ಪಕ್ಕದಲ್ಲಿ ಕಾಲ್ ನಂಬರ್ ಜೊತೆ ಅಕ್ಸೆಷನ್ ನಂಬರನ್ನೂ, ಅಂದರೆ ಒಂದೊಂದು ಪ್ರತಿಗೂ ಬೇರೆಯಾಗಿರುವ ಸಂಖ್ಯೆಯನ್ನೂ, ಹಾಕಿಕೊಳ್ಳಿ. ಒಂದೇ ಪುಸ್ತಕದ ಎರಡು ಪ್ರತಿ ಇದ್ದು ಒಂದರಲ್ಲಿ ಹಾಳೆ ಹೋಗಿದ್ದರೆ ಯಾವುದನ್ನು ಮತ್ತೆ ಕೇಳಬೇಕು ಅಂತ ಗೊತ್ತಾಗುವುದು ಅದರಿಂದಲೇ.

ಎಂಎ ಕಿರುಪ್ರಬಂಧ ಬರೆಯುವವರಿಗೆ ಇಷ್ಟೆಲ್ಲ ಸುತ್ತಾಟ ಬೇಡ. ಒಂದು ವಿಶ್ವವಿದ್ಯಾಲಯದ ಲೈಬ್ರರಿ, ನಿಮ್ಮ ಜಿಲ್ಲೆಯ ಕೇಂದ್ರ ಗ್ರಂಥಾಲಯ, ಶೋಧಗಂಗಾ ಸಾಕು. ಹಳ್ಳಿಯಿಂದ ಬರುವವರು ಪಂಚಾಯಿತಿ ಗ್ರಂಥಾಲಯವನ್ನೂ ಒಮ್ಮೆ ನೋಡಿ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ ಕೆಲವು ಕಡೆ ಅರಿವು ಕೇಂದ್ರ ಅಂತ ಕಂಪ್ಯೂಟರ್, ಇಂಟರ್ನೆಟ್ ಇಟ್ಟಿದ್ದಾರೆ. ನಮ್ಮೂರಿನದರಲ್ಲಿ ಕೂತು ನಾನು ಎಷ್ಟೋ ಪಿಡಿಎಫ್ ಇಳಿಸಿಕೊಂಡಿದ್ದೇನೆ.

ಈ ವರ್ಷ ನಾನು ದುಡ್ಡು ಕಟ್ಟಿ ನವೀಕರಿಸಿದ್ದು ಮೈಸೂರಿನ ಒಂದು ರೀಡರ್ ಕಾರ್ಡ್, ಬೆಂಗಳೂರಿನ ಒಂದು ಸಂಘದ ಸದಸ್ಯತ್ವ. ಇನ್ನೊಂದು ಕಡೆಯದನ್ನು ಬಿಟ್ಟೆ, ಅಲ್ಲಿ ನನಗೆ ಬೇಕಾದ ವರದಿಗಳನ್ನೆಲ್ಲ ಓದಿ ಮುಗಿಸಿದ್ದೇನೆ. ಠೇವಣಿ ವಾಪಸ್ ಕೇಳಿ ಅರ್ಜಿ ಕೊಟ್ಟಿದ್ದೇನೆ. ಮೂಲ ರಸೀದಿ ಇದ್ದರೆ ಮಾತ್ರ ಕೊಡುತ್ತಾರೆ, ನೀವೂ ನಿಮ್ಮದನ್ನು ಎತ್ತಿಟ್ಟುಕೊಳ್ಳಿ.